ಅವಳಿಯಾಗಲೊಲ್ಲದ ಗುರುಪುತ್ರಪ್ಪ

ಬೆಳಗಾವಿಯ ಗುರುಪುತ್ರಪ್ಪ ಮಾಸ್ತರರನ್ನು ಸಿಟ್ಟಿಗೆಬ್ಬಿಸಲು ಬೈಯಬೇಕಾದ ಅಗತ್ಯವೇ ಇರಲಿಲ್ಲ; ನಿನ್ನೆ ನಿಮ್ಮನ್ನು ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡೆ ಎಂದರೆ ಸಾಕಿತ್ತು. ಎಪ್ಪತ್ತರ ಆ ನೆಟ್ಟನೆಯ ದೇಹ ಕಂದು ಕೋಟಿನೊಳಗೆ ಇನ್ನಷ್ಟು ಸೆಟೆದು, ವಿಭೂತಿಯ ಕೆಳಗೆ ಹುಬ್ಬು ಗಂಟಿಕ್ಕಿ, "ಅಂವ ಬ್ಯಾರೆ, ನಾ ಬ್ಯಾರೆ" ಎಂದು ಒಂದೇ ಮಾತು ಹೊರಬೀಳುತ್ತಿತ್ತು.

ಆ 'ಅಂವ' ಬಂಡೆಪ್ಪ, ಒಂದೇ ಬಸಿರಿನಲ್ಲಿ ಬೆನ್ನಿಗೇ ಹುಟ್ಟಿದ ತಮ್ಮ. ಮಕ್ಕಳಿಲ್ಲದ ಸೋದರತ್ತೆ ಕೂಸನ್ನು ದತ್ತಕ ಕೇಳಿ ಖಾನಾಪುರಕ್ಕೆ ಒಯ್ದಿದ್ದಳು. ಅಲ್ಲಿ ಅವನು ಹೆಂಚಿನ ಕಾರ್ಖಾನೆಯ ಮಣ್ಣು ತುಳಿಯುತ್ತ, ತಂಬಾಕು ಮೆಲ್ಲುತ್ತ, ಕನ್ನಡ ಮರಾಠಿ ಎರಡರಲ್ಲೂ ಹೊಟ್ಟೆ ಹಿಡಿದು ನಗುತ್ತ ಮುಪ್ಪಾದ. ಇಲ್ಲಿ ಅಣ್ಣ ವ್ಯಾಯಾಮದ ಮಾಸ್ತರನಾದ. ಬ್ರಾಹ್ಮೀ ಮುಹೂರ್ತದ ದಂಡ ಬೈಠಕ್, ಮಿತಾಹಾರ, ಚಹಾ ಕೂಡ ವರ್ಜ್ಯ; ಶರೀರವೆಂಬುದು ಉತ್ತಷ್ಟು ಕೊಡುವ ಹೊಲವೆಂಬುದು ಅವರ ಜೀವನದ ಏಕೈಕ ಸಿದ್ಧಾಂತ. ತಮ್ಮನ ತಂಬಾಕಿನ ಚೀಲ ಕಂಡಾಗಲೆಲ್ಲ ಅವರಿಗೆ ಮರುಕದೊಂದಿಗೆ ಒಂದಿಷ್ಟು ಸಂತೋಷವೂ ಆಗುತ್ತಿತ್ತು.

ಮುಪ್ಪಿನಲ್ಲಿ ರಕ್ತದ ಪಾಲೆಷ್ಟು, ಬಾಳಿದ ಬಾಳಿನ ಪಾಲೆಷ್ಟು ಎಂದು ಅರಿಯಲು ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಹುಡುಕುತ್ತಿದ್ದ ಡಾಕ್ಟರ್ ತನ್ಮಯಿ ಇವರ ಬಾಗಿಲಿಗೆ ಬಂದಾಗ, ಮಾಸ್ತರರು ಪಂದ್ಯಕ್ಕೆ ಹೊರಟವರಂತೆ ಒಪ್ಪಿದರು. ವರ್ಷಕ್ಕೊಮ್ಮೆ ಅಣ್ಣತಮ್ಮಂದಿರು ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಡೆಯಬೇಕು, ಮುಷ್ಟಿಯ ಬಲ ತೋರಿಸಬೇಕು, ಕೇಳಿದ ಶಬ್ದಗಳನ್ನು ತುಸು ಹೊತ್ತು ಬಿಟ್ಟು ನೆನೆದು ಹೇಳಬೇಕು. ಮೊದಲ ವರ್ಷ ಇಬ್ಬರೂ ಹೆಚ್ಚುಕಡಿಮೆ ಸರಿಸಮ ಬಂದರು. ಅಷ್ಟು ಬೆವರಿನ ಫಲ ಇಷ್ಟೇ ಏನು ಎಂದು ಮಾಸ್ತರರು ಅಂದು ಊಟ ಬಿಟ್ಟರು.

ಮೂರನೆಯ ವರ್ಷ ಬಂಡೆಪ್ಪ ಪಡಸಾಲೆಯಲ್ಲಿ ಎಡಗಾಲು ಎಳೆಯುತ್ತ ನಡೆದ. ಕೇಳಿದ ಶಬ್ದಗಳಲ್ಲಿ ಒಂದೂ ನಾಲಿಗೆಗೆ ಬರದೆ, ತಾನೇ ನಕ್ಕ. ಅವನ ಹೆಂಡತಿ ಸಾವಂತ್ರವ್ವ ಗೋಡೆಗೆ ಮುಖ ಮಾಡಿ ನಿಂತಳು. ಮಾಸ್ತರರು ತನ್ಮಯಿಯನ್ನು ಬದಿಗೆ ಕರೆದು, "ನನಗೂ ಬರತೈತೇನ್ರಿ?" ಎಂದು ಕೇಳಿದರು. ಸಂಭವ ಹೆಚ್ಚು, ಆದರೆ ಬಂದೇ ಬರುತ್ತದೆಂದು ಯಾರೂ ಹೇಳಲಾರರು ಎಂದು ಆಕೆ ಇದ್ದದ್ದನ್ನು ಇದ್ದಂತೆ ಹೇಳಿದಳು.

ಆ 'ಆದರೆ'ಯನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ತಮ್ಮನಿಗೆ ಮೀಸೆಯಿಲ್ಲ, ಇವರು ಮೀಸೆ ಬಿಟ್ಟು ಕಪ್ಪು ಬಳಿದರು. ಅವನ ಎಡಗಾಲು ಎಳೆಯಿತೆಂದು ಇವರು ಎಡಗಾಲನ್ನು ಇಲ್ಲದ ಹೊಸ್ತಿಲು ದಾಟುವವರಂತೆ ಎತ್ತಿ ಇಡತೊಡಗಿದರು. ಲೋಂಡಾದಿಂದ ಮಿರಜಿನವರೆಗಿನ ಸ್ಟೇಶನ್ನುಗಳ ಹೆಸರು ಜಪಿಸುತ್ತ ಓಣಿ ಸುತ್ತುವ ಮಾಸ್ತರರನ್ನು ಕಂಡು ಜನ ಬಾಯಿಗೆ ಕೈಯಿಟ್ಟು ನಕ್ಕರು. ನಗಲಿ, ಆದರೆ ಇವರು ಖಾನಾಪುರಕ್ಕೆ ಹೋಗುವುದನ್ನೇ ಬಿಟ್ಟರು. ಮರೆವು ಕಣ್ಣಿನಿಂದ ಕಣ್ಣಿಗೆ ಹತ್ತುವ ರೋಗವೇನೋ ಎಂಬಂತೆ. ಸಾವಂತ್ರವ್ವ ಫೋನು ಹಚ್ಚಿ ಬೇಡಿಕೊಂಡಳು: "ನಿಮ್ಮ ಹೆಸರ ಒಂದ ಮರತಿಲ್ಲ ನೋಡ್ರಿ ಭಾವಾರ. ಒಮ್ಮೆ ಬಂದು ಹೋಗ್ರಿ." ಇಂದು ಮಳೆ, ನಾಳೆ ಜ್ವರ, ನಾಡಿದ್ದು ಲಗ್ನ, ನೆವಗಳಿಗೆ ಬರವಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಕಡೆಗೊಮ್ಮೆ ಹೋದರು. ಕಟ್ಟೆಯ ಮೇಲೆ ಕುಳಿತಿದ್ದ ಬಂಡೆಪ್ಪ ಮೀಸೆಯನ್ನೂ ಕೋಟನ್ನೂ ಬಹಳ ಹೊತ್ತು ನೋಡಿ, ಪರಸ್ಥಳದ ಅತಿಥಿಯನ್ನು ಉಪಚರಿಸುವಂತೆ ಬಾಜೂಕೆ ಜಾಗ ಮಾಡಿಕೊಟ್ಟ.

"ಕುಂದರ್ರಿ. ನಮ್ಮ ಅಣ್ಣ ಬರಾಂವ ಅದಾನ, ಬೆಳಗಾವಿಯಿಂದ. ಭೆಟ್ಟಿ ಆಗೇ ಹೋಗ್ರಿ."

ಆ ಕ್ಷಣ ಮಾಸ್ತರರಿಗೆ ಆದದ್ದು ದುಃಖವಲ್ಲ, ಹರ್ಷ. ಒಡಹುಟ್ಟಿದವನೇ ಗುರುತಿಸಲಿಲ್ಲವೆಂದರೆ ತಾನು ಬೇರೆಯವನಾದೆ, ಪಾರಾದೆ ಎಂಬ ಘೋರವಾದ ಹರ್ಷ. ನಾನೇ ನಿನ್ನ ಅಣ್ಣ ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು, ಅನ್ನಲಿಲ್ಲ. ವರ್ಜ್ಯವಾಗಿದ್ದ ಚಹಾವನ್ನು ಗುಟುಕರಿಸಿ, ಅಣ್ಣನ ದಾರಿ ಕಾಯುತ್ತಿದ್ದ ತಮ್ಮನನ್ನು ಅಲ್ಲೇ ಬಿಟ್ಟು, ಸಾವಂತ್ರವ್ವನ ಮುಖ ನೋಡದೆ ಬಸ್ಸು ಹತ್ತಿದರು. ಬಂಡೆಪ್ಪ ಯುಗಾದಿಯ ಮೊದಲೇ ಲಿಂಗೈಕ್ಯನಾದ.

ಮರುವರ್ಷ ಪರೀಕ್ಷೆಗೆ ಅವರು ಒಬ್ಬರೇ ಬಂದರು. ತನ್ಮಯಿ ಕೊಟ್ಟ ಶಬ್ದಗಳು ಹೊಳೆಯ ನೀರಿನ ಹಾಗೆ ಬೆರಳ ಸಂದಿಯಲ್ಲಿ ಸೋರಿಹೋದವು. ಮಿರಜಿನ ದಾರಿಯ ಸ್ಟೇಶನ್ನುಗಳೂ ಹೋದವು. ಆಕೆ ತಲೆ ತಗ್ಗಿಸಿದಳು. ಆದರೂ ಅವರು ತಮ್ಮ ಮುಂದಿನ ಗತಿ ಏನೆಂದು ಕೇಳಲಿಲ್ಲ. ಕೋಟಿನ ಗುಂಡಿ ತಿರುವುತ್ತ, ಆ ಕಟ್ಟೆಯ ಸಂಗತಿಯನ್ನೆಲ್ಲ ತಾವಾಗಿ ಹೇಳಿ ಅತ್ತು, ಕಡೆಗೆ ಸಣ್ಣ ದನಿಯಲ್ಲಿ ಕೇಳಿದರು: "ಅಂವಗ ಅಂಜಿಕಿ ಆಗತಿತ್ತೇನ್ರಿ, ಡಾಕ್ಟರ?"

ಮುಷ್ಟಿಯನ್ನೂ ನಡಿಗೆಯನ್ನೂ ಅಳೆದವಳು ಇದನ್ನು ಅಳೆದಿರಲಿಲ್ಲ. ಗೊತ್ತಿಲ್ಲರಿ ಎಂದಳು.

ಮುಪ್ಪಿಗೆ ಅಂಜುವವರಲ್ಲಿ ಇಂಥದೊಂದು ಜಾತಿಯುಂಟು. ಕೆಟ್ಟವರಲ್ಲ, ನೇಮನಿಷ್ಠೆಯಲ್ಲಿ ನಮಗಿಂತ ಮೇಲು. ತಮಗೆ ಬರಬಹುದಾದದ್ದು ಮೊದಲು ಯಾರಿಗೆ ಬಂದಿತೋ ಅವನಿಂದಲೇ ದೂರ ಓಡುತ್ತಾರೆ, ಓಡಿದ್ದನ್ನೇ ಬದುಕಿದ್ದೆಂದು ತಿಳಿಯುತ್ತಾರೆ. ಬರುವುದು ಹೇಗೂ ಬರುತ್ತದೆ. ಅದು ಬಂದ ದಿನ, ಹೇಗಿರುತ್ತದಪ್ಪಾ ಎಂದು ಕೇಳಲು ಅವರಿಗೆ ಲೋಕದಲ್ಲಿ ಒಬ್ಬನೂ ಉಳಿದಿರುವುದಿಲ್ಲ.