ಎಡಗಡೆಯ ಮಡಿಕೆ

ಹೊಲಿಗೆ ಅಂಗಡಿಯ ಮೂಲೆಯ ತೊಟ್ಟಿಲಲ್ಲಿ ಐದು ತಿಂಗಳ ಕೂಸು ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. ಅಂಗಡಿಯ ಒಡತಿ ಚಿಕ್ಕಮ್ಮ ಬಾಟಲಿ ಹಿಡಿದು ಮುದ್ದು ಮಾಡಿದಳು, ಗದರಿದಳು. ಕೂಸು ಜಪ್ಪಯ್ಯ ಅನ್ನಲಿಲ್ಲ.

ಎದುರಿನ ಮಿಷಿನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು ಕೂಸಿನ ತಾಯಿ, ಚಿಕ್ಕಮ್ಮನ ಅಕ್ಕನ ಕೊನೆಯ ಮಗಳು. ಬೆನ್ನು ಬಗ್ಗಿಸಲಾಗದೆ ಕೋಲಿನ ಹಾಗೆ ಕೂತಿದ್ದಳು. ಹಾಲು ಬತ್ತಲಿ ಅಂತ ಚಿಕ್ಕಮ್ಮನೇ ಮೂರು ದಿನದ ಹಿಂದೆ, ಸೊಂಟಪಟ್ಟಿಯ ಒಳಗಿಡುವ ದಪ್ಪ ಬಟ್ಟೆಯಿಂದ ಅವಳ ಎದೆಯನ್ನು ಬಿಗಿದು ಕಟ್ಟಿದ್ದಳು.

ಅಕ್ಕ ನಾಲ್ಕು ಮಕ್ಕಳಿಗೆ ಹಾಲೂಡಿ, ಸ್ತನದ ಕ್ಯಾನ್ಸರ್ ಆಗಿ ತೀರಿಕೊಂಡಿದ್ದಳು. ಹಾಲೇ ಗಂಟುಕಟ್ಟಿ ಹಾಗಾಯಿತು ಅನ್ನುವುದು ಚಿಕ್ಕಮ್ಮನ ನಂಬಿಕೆ. ಆಗಿನ್ನೂ ಮೂರು ವರ್ಷದವಳಾಗಿದ್ದ ಈ ಹುಡುಗಿಯನ್ನು ಅವಳೇ ಸಾಕಿದಳು. ಇವಳನ್ನೂ ಕಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಅಷ್ಟರಲ್ಲಿ ತೂಕದಕ್ಕ ಬಂದಳು. ಮನೆಮನೆಗೆ ಹೋಗಿ ಕೂಸುಗಳ ತೂಕ ನೋಡುವ ಆರೋಗ್ಯ ಕಾರ್ಯಕರ್ತೆ ಅವಳು. ತಕ್ಕಡಿಗೆ ಕೂಸನ್ನು ಹಾಕಿ ಹುಬ್ಬು ಗಂಟಿಕ್ಕಿದಳು.

"ಇಳಿದಿದೆಯಲ್ಲ. ಹಾಲು ಕುಡಿಸ್ತಿಲ್ವಾ?"

"ನಾನೇ ಬೇಡ ಅಂದೆ," ಅಂದಳು ಚಿಕ್ಕಮ್ಮ. "ಇವಳಮ್ಮನಿಗೆ ಆಗಿದ್ದು ಸಾಕು."

ತೂಕದಕ್ಕ ಸ್ಟೂಲ್ ಎಳೆದುಕೊಂಡು ಕೂತಳು. "ಹಾಲೂಡೋದ್ರಿಂದ ಆ ಕ್ಯಾನ್ಸರ್ ಬರೋದಲ್ಲ ಕಣ್ರೀ. ಬರೋ ಸಾಧ್ಯತೆ ಸ್ವಲ್ಪ ಕಮ್ಮಿನೇ ಆಗುತ್ತೆ. ಹೆಚ್ಚು ತಿಂಗಳು ಕುಡಿಸಿದಷ್ಟೂ ತಾಯಿಗೆ ಒಳ್ಳೇದು. ಹೀಗೆ ಬಿಗಿದ್ರೆ ಹಾಲು ಕಟ್ಟಿ, ನೋವು, ಜ್ವರ ಬರುತ್ತೆ."

"ಹಾಗಾದ್ರೆ ನಮ್ಮಕ್ಕನಿಗೆ ಯಾಕೆ ಬಂತು? ನಾಲ್ಕು ಮಕ್ಕಳಿಗೆ ಕುಡಿಸಿದ್ಲು."

"ಕೊಡೆ ಹಿಡಿದ್ರೂ ಕಾಲು ನೆನೆಯುತ್ತೆ. ಹಾಗಂತ ಕೊಡೆ ಬಿಸಾಡ್ತೀರಾ? ಸಾಧ್ಯತೆ ಕಮ್ಮಿ ಆಗುತ್ತೆ ಅಂದೆ, ಬರೋದೇ ಇಲ್ಲ ಅನ್ನಲಿಲ್ಲ. ಅಕ್ಕ ಬೇಗ ತೋರಿಸಿಕೊಂಡ್ರಾ?"

ಚಿಕ್ಕಮ್ಮ ಕೊರಳಿನ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಅವಳ ಅಂಗಿ ನಾನೇ ಹೊಲೀತಿದ್ದೆ," ಅಂದಳು ಕೊನೆಗೆ. "ಈ ಹುಡುಗಿ ಹಾಲು ಬಿಟ್ಟ ಹೊಸತು. ಅಳತೆ ತಗೊಳ್ಳುವಾಗ ಎಡಗಡೆ ಚರ್ಮ ಒಳಗೆ ಎಳ್ಕೊಂಡಿತ್ತು. ಅಂಗಿ ಸರಿಯಾಗಿ ಕೂರ್ತಿರಲಿಲ್ಲ. ಹಾಲಿನ ಗಂಟು, ಕರಗುತ್ತೆ ಬಿಡು ಅಂದೆ. ಎಡಗಡೆ ಒಂದು ಮಡಿಕೆ ಜಾಸ್ತಿ ಹಿಡಿದು, ಯಾರಿಗೂ ಕಾಣದ ಹಾಗೆ ಹೊಲ್ದು ಕೊಟ್ಟೆ. ಒಂದು ವರ್ಷದಲ್ಲಿ ಮೂರು ಅಂಗಿ."

ಮಿಷಿನ್ ನಿಂತಿತ್ತು. ಅಕ್ಕನ ಮಗಳು ಎದ್ದು ಬಂದು ಚಿಕ್ಕಮ್ಮನ ಭುಜ ಹಿಡಿದಳು. "ನಿಂಗೆ ಗೊತ್ತಿರಲಿಲ್ಲ ಚಿಕ್ಕಮ್ಮ."

"ಈಗ ಗೊತ್ತಾಯ್ತಲ್ಲ," ಅಂದಳು ತೂಕದಕ್ಕ ಮೆತ್ತಗೆ. "ಹಾಲು ಕಟ್ಟಿದ ಗಂಟು ಕ್ಯಾನ್ಸರ್ ಆಗಲ್ಲ. ಆದ್ರೆ ಹಾಲೂಡೋಳಿಗಾದ್ರೂ ಸರಿ, ಎರಡು ವಾರಕ್ಕೂ ಕರಗದ ಗಂಟನ್ನ ವೈದ್ಯರಿಗೆ ತೋರಿಸಲೇಬೇಕು. ಚರ್ಮ ಎಳ್ಕೊಂಡ್ರೆ ಕಾಯೋದೇ ಬೇಡ."

ಚಿಕ್ಕಮ್ಮ ಪರದೆ ಎಳೆದಳು. ಕಟ್ಟನ್ನು ತಾನೇ ಬಿಚ್ಚಿದಳು. ಕೂಸು ಒಂದೆರಡು ಸಲ ತಡವರಿಸಿ ಬಾಯಿಹಾಕಿತು. ಅಳು ನಿಂತಿತು.

"ಪದೇಪದೇ ಕುಡಿಸು, ಹಾಲು ಮತ್ತೆ ಹೆಚ್ಚುತ್ತೆ," ಅಂದಳು ತೂಕದಕ್ಕ. "ಅಮ್ಮನಿಗೆ ಏನಾಗಿತ್ತು ಅಂತ ವೈದ್ಯರಿಗೆ ಹೇಳು. ಚಿಕ್ಕಮ್ಮನೂ ಜೊತೆಗೆ ಬರಲಿ, ಪರೀಕ್ಷೆ ಮಾಡಿಸೋಣ."

"ನನಗ್ಯಾಕೆ? ನಾನು ಹೆತ್ತೂ ಇಲ್ಲ, ಹಾಲೂಡಿಯೂ ಇಲ್ಲ."

"ಅದಕ್ಕೇ ನೀವು ಮೊದಲು ಬರ್ಬೇಕು. ಹೆರದೆ, ಹಾಲೂಡದೆ ಇದ್ದೋರಿಗೆ ಸಾಧ್ಯತೆ ಸ್ವಲ್ಪ ಜಾಸ್ತಿ, ಮೇಲಾಗಿ ಸ್ವಂತ ಅಕ್ಕನಿಗೂ ಬಂದಿತ್ತು."

ಚಿಕ್ಕಮ್ಮ ಗೊಣಗುತ್ತಲೇ ಆಸ್ಪತ್ರೆಗೆ ಹೋದಳು. ಇಬ್ಬರಿಗೂ ಏನೂ ತೊಂದರೆಯಿಲ್ಲ ಅಂತ ಗೊತ್ತಾದ ದಿನ ಬಾಯಿ ತುಂಬ ನಕ್ಕಳು. ಕೂಸೂ ತೂಕ ಹಾಕುತ್ತಿತ್ತು.

ತಿಂಗಳು ಕಳೆದ ಮೇಲೆ ಶಾಲೆಯ ಟೀಚರೊಬ್ಬಳು ಅಂಗಿಯ ಅಳತೆಗೆ ಬಂದಳು. ಪಟ್ಟಿ ಹಿಡಿದ ಚಿಕ್ಕಮ್ಮನ ಕೈ ಎದೆಯ ಬಳಿ ತಟ್ಟನೆ ನಿಂತಿತು.

"ಅಲ್ಲಿ ಸ್ವಲ್ಪ ಎಳ್ಕೊಂಡಿದೆ," ಅಂದಳು ಟೀಚರ್ ಸಂಕೋಚದಿಂದ. "ಒಂದು ಮಡಿಕೆ ಹಿಡಿದುಬಿಡಿ, ಕಾಣಲ್ಲ."

ಚಿಕ್ಕಮ್ಮ ಪಟ್ಟಿಯನ್ನು ಸುತ್ತಿಟ್ಟು, ಅಂಗಡಿಯ ಬೀಗ ಕೈಗೆತ್ತಿಕೊಂಡಳು. "ಅಂಗಿ ಆಮೇಲೆ. ನಡೀರಿ ಆಸ್ಪತ್ರೆಗೆ. ನಾನೂ ಬರ್ತೀನಿ."

ಟೀಚರ್ ಈಗ ಚಿಕಿತ್ಸೆಯಲ್ಲಿದ್ದಾಳೆ. ಬೇಗ ಬಂದದ್ದು ಒಳ್ಳೆಯದಾಯಿತು ಅಂದಿದ್ದಾರೆ ವೈದ್ಯರು. ಹೊಸ ಅಂಗಿಯ ಬಟ್ಟೆ ಚಿಕ್ಕಮ್ಮನ ಕಪಾಟಿನಲ್ಲಿ ಅವಳಿಗಾಗಿ ಕಾಯುತ್ತಿದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಆಗುವಷ್ಟು ಕಾಲ ಕೂಸಿಗೆ ಎದೆಹಾಲು ಕೊಡಿ. ಅದು ಕೂಸಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಕೊಡಲು ಆಗದಿದ್ದರೆ ನಿಮ್ಮದೇನೂ ತಪ್ಪಿಲ್ಲ, ಕೊರಗಬೇಡಿ. ಹಾಲೂಡಿರಲಿ, ಬಿಟ್ಟಿರಲಿ, ಎದೆಯಲ್ಲಿ ಗಂಟೋ ಎಳೆತವೋ ಕಂಡರೆ ಬಟ್ಟೆಯಲ್ಲಿ ಮುಚ್ಚಿಡಬೇಡಿ. ಮನೆಯವರಿಗೆ ಹೇಳಿ, ಹೋಗಿ ತೋರಿಸಿಕೊಳ್ಳಿ.