ಹೊರಸಿನ ಕೆಳಗಿನ ಬೆಂಕಿ

ನರಸಪ್ಪ ಹೊಸ ಗಡಿಗೆ ಹಿಡಿದು ಬಾಣಂತಿ ಕೋಣೆಯ ಬಾಗಿಲು ತಳ್ಳಿದಾಗ ಮೊದಲು ಹೊಗೆ ಹೊರಬಂತು, ಆಮೇಲೆ ಕೂಸಿನ ಕೆಮ್ಮು.

"ತಂಗಿ, ಕಾಲು ಮ್ಯಾಲ ತಗೋ. ಕೆಂಡ ಬೇಕಾಗ್ಯಾವ."

ಹಗ್ಗ ಹೆಣೆದ ಹೊರಸಿನ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಭಾಗಮ್ಮ ಅಣ್ಣನ ಒದ್ದೆ ತಲೆ ನೋಡಿದಳು. ಅಂಗಳದಲ್ಲಿ ಅವ್ವ ಮಾಳಮ್ಮನನ್ನು ಚಟ್ಟಕ್ಕೆ ಕಟ್ಟುತ್ತಿದ್ದರು. ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಆದರೆ ಮಗ ಒಯ್ಯುವ ಬೆಂಕಿ ಮನೆಯದೇ ಆಗಬೇಕು. ಮನೆಯಲ್ಲಿ ಉಳಿದಿದ್ದ ಬೆಂಕಿ ಅವಳ ಹೊರಸಿನ ಕೆಳಗಿನದು ಮಾತ್ರ.

ಅವ್ವನ ಅಕ್ಕ ಮಹಾದೇವಮ್ಮ ಓಡಿ ಬಂದಳು. "ಏ ನರಸ್ಯಾ, ಬುದ್ಧಿ ಎಲ್ಲಿ ಇಟ್ಟೀದಿ? ಕೂಸಿಗಿ ಕಾಸೋ ಬೆಂಕಿ ಸುಡುಗಾಡಕ್ಕ ಒಯ್ತಿಯೇನು?"

"ಮತ್ತ ನಿನ್ನ ಹೊಟ್ಟ್ಯಾಗಿಂದು ಕೊಡ್ತಿಯೇನು ದೊಡ್ಡವ್ವ?"

"ಒಯ್ಯಲಿ ಬಿಡು," ಎಂದಳು ಭಾಗಮ್ಮ. "ಅವ್ವಾನೇ ಊದಿ ಊದಿ ಇಟ್ಟಿದ್ದು. ಎಲ್ಲಾ ಒಯ್ಯಿ ಅಣ್ಣ. ಒಂದೂ ಬಿಡಬ್ಯಾಡ."

ತೆರೆದ ಬಾಗಿಲಿನಿಂದ ಅವ್ವನ ಪಾದಗಳಷ್ಟೇ ಕಂಡವು. ಬಾಣಂತಿ ಹೆಣದ ಹತ್ತಿರ ಹೋಗುವಂತಿರಲಿಲ್ಲ. ಅಂಗಳದ ಹೆಂಗಸರ ಮಾತು ಮಾತ್ರ ಒಳಗೆ ಬಂತು.

"ಬೀಡಿ ಸೇದತಿಯೇನು ಅಂತ ಡಾಕ್ಟ್ರು ಕೇಳಿದ್ರಂತ, ಖರೇನಾ?"

"ಕದ್ದು ಸೇದ್ತಿದ್ದಳೇನೋ. ಇಲ್ಲಂದ್ರ ಅಂಥಾ ಕೆಮ್ಮು ಹ್ಯಾಂಗ ಬರ್ತದ?"

"ತೋಬಾ! ನನ್ನ ಮೂರೂ ಬಾಣಂತನ ಮಾಡ್ಯಾಳ ಮಾಳಮ್ಮ," ಎಂದು ಪಕ್ಕದ ಮನೆಯ ಇಮಾಮ್‌ಬೀ ಗದರಿದಳು. "ಆಕಿ ಬಾಯಾಗ ಎಲಿ ಅಡಕಿ ಸುದ್ದಾ ಕಂಡಿಲ್ಲ ನಾ."

* * *

ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಭಾಗಮ್ಮ ಅವ್ವನ ಜೊತೆ ಚಂದಾಪುರದ ದವಾಖಾನೆಗೆ ಹೋಗಿದ್ದಳು. ಡಾಕ್ಟರು ಅವ್ವನ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಬೀಡಿಯ ಮಾತೆತ್ತಿದರು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಇಲ್ರೀ ಸಾಹೇಬ್ರ. ಬಾಣಂತೇರ ಹೊರಸಿನ ಕೆಳಗ ಕುಳ್ಳು ಕಟಗಿ ಇಟ್ಟು ಊದ್ತೀನ್ರಿ. ಕಿಡಕಿ ಮುಚ್ಚಿರ್ತಾರ, ಗಾಳಿ ತಾಗಬಾರದಲ್ರಿ."

ಡಾಕ್ಟರು ನಗಲಿಲ್ಲ. "ಇನ್ನ ಮುಂದ ಆ ಹೊಗಿ ಹತ್ರ ಹೋಗಬ್ಯಾಡ. ಕೂಸುಗಳನ್ನೂ ಅದರಾಗ ಇಡಬ್ಯಾಡ್ರಿ."

ದಾರಿಯಲ್ಲಿ ಅವ್ವ ಎರಡು ಸಲ ಕೂತಳು. "ಊರಾಗಿನ ಕೂಸುಗಳೆಲ್ಲಾ ನನ್ನ ಹೊಗ್ಯಾಗೇ ಬೆಳದಾವ," ಎಂದಳು.

"ಬೆಳೀಲಾರದವು?" ಎಂದಳು ಭಾಗಮ್ಮ.

ಅವ್ವ ಸೆರಗು ಕೊಡವಿ ಎದ್ದು ಮುಂದೆ ನಡೆದಳು.

ಮೊಮ್ಮಗಳು ಹುಟ್ಟಿದ ದಿನ ಕಿಟಕಿಗೆ ಕೌದಿ ತುರುಕಿ, ಹೊರಗಿನಿಂದ ಹಲಗೆ ಬಡಿಸಿದವಳು ಅವ್ವನೇ. "ಬ್ಯಾರೆಯವರ ಮಕ್ಕಳಿಗಿ ಮಾಡಿ, ನನ್ನ ಮಗಳಿಗಿ ಕಡಿಮಿ ಮಾಡ್ಲೇನು?" ಎಂದು ಹೊರಸಿನ ಪಕ್ಕ ಕುಕ್ಕರಿಸಿದಳು. ಊದುವುದು, ಕೆಮ್ಮುವುದು, ಮತ್ತೆ ಊದುವುದು. ಇವತ್ತು ಬೆಳಗಾಗುವ ಹೊತ್ತಿಗೆ ಊದುಗೊಳವೆ ಹಿಡಿದುಕೊಂಡೇ ಗೋಡೆಗೆ ಒರಗಿದ್ದಳು. ನಿದ್ದೆ ಹತ್ತಿತೆಂದು ಭಾಗಮ್ಮ ಎಬ್ಬಿಸಲಿಲ್ಲ.

* * *

ಹೆಣ ಹೋದ ಮೇಲೆ ಮನೆ ಸುಮ್ಮನಾಯಿತು. ಕೋಣೆಯ ಹೊಗೆ ನಿಧಾನವಾಗಿ ಕರಗಿತು. ಕೂಸಿನ ರೆಪ್ಪೆಕೂದಲು ಇಷ್ಟು ಉದ್ದವೆಂದು ಭಾಗಮ್ಮನಿಗೆ ಗೊತ್ತಿರಲಿಲ್ಲ. ಅದು ಒಂದು ಸಲವೂ ಕೆಮ್ಮದೆ ಮಲಗಿತ್ತು. ಅವಳು ಅವ್ವನಿಗಾಗಿ ಅಳಬೇಕೆಂದುಕೊಂಡಳು. ಅಳದೆ ಕೂಸಿನ ಉಸಿರು ಕೇಳುತ್ತ ಕೂತಳು.

ಸಂಜೆ ಮಹಾದೇವಮ್ಮ ಕಬ್ಬಿಣದ ಪುಟ್ಟಿಯಲ್ಲಿ ಇಮಾಮ್‌ಬೀ ಮನೆಯ ಕೆಂಡ ತಂದು ಹೊರಸಿನ ಕೆಳಗಿಟ್ಟು, ಮೇಲೆ ಹಸಿ ಕಟ್ಟಿಗೆ ಒಟ್ಟಿದಳು.

"ಬ್ಯಾಡ ದೊಡ್ಡವ್ವ. ಕೂಸು ಹ್ಯಾಂಗ ಮಲಗ್ಯಾದ ನೋಡು. ಡಾಕ್ಟ್ರು ಹೇಳ್ಯಾರ..."

"ಡಾಕ್ಟ್ರು ಹಡದಾನೇನು?" ಮುದುಕಿಯ ಕಣ್ಣುಗಳು ಅತ್ತು ಕೆಂಪಾಗಿದ್ದವು. "ಜೀವ ಹೋಗೋ ತನಕ ಊದಿದಳು ನನ್ನ ತಂಗಿ. ಆಕಿ ಹೋದ ದಿನಾನೇ ಆರಿಸಿದ್ರ ಮಂದಿ ಏನಂದಾರು? ಕೂಸಿಗಿ ಥಂಡಿ ಹತ್ತಿದ್ರ ನಾ ಆಕಿಗಿ ಏನು ಹೇಳಲಿ?"

"ಅದೇ ಹೊಗಿ ಆಕಿನ್ನ ತಿಂತು."

"ಬಾಯಿ ಮುಚ್ಚು. ಅವ್ವ ಮಾಡಿದ ಬಾಣಂತನಕ್ಕ ಕೆಟ್ಟ ಹೆಸರಿಡಬ್ಯಾಡ."

ಮಹಾದೇವಮ್ಮ ಮಂಡಿಯೂರಿ, ಹೊಗೆ ಏಳುವವರೆಗೆ ಊದಿದಳು. ಬಂದವರಿಗೆ ರೊಟ್ಟಿ ನೀಡಲು ಎದ್ದು ಹೋಗುವಾಗ, ಗಾಳಿಗೆ ತೆರೆಯದಿರಲೆಂದು ಬಾಗಿಲಿಗೆ ಹೊರಗಿನಿಂದ ಕೊಂಡಿ ಹಾಕಿದಳು.

ಬೆಂಕಿ ಆರಿಸೋಣವೆಂದರೆ, ಬಾಣಂತಿ ನೀರು ಕುಡಿಯಬಾರದೆಂದು ಕೋಣೆಯಲ್ಲಿ ಒಂದು ತಂಬಿಗೆಯನ್ನೂ ಇಟ್ಟಿರಲಿಲ್ಲ. ಭಾಗಮ್ಮ ಬಾಗಿಲು ಬಡಿದಳು. "ತಡಿಯವ್ವ, ಅತ್ತು ಅತ್ತು ಸಾಕಾಗ್ತದ, ಮಲಕೋ," ಎಂದಿತು ಹೊರಗಿನಿಂದ ಯಾವುದೋ ದನಿ.

ಕೂಸು ಕೆಮ್ಮಿತು. ಭಾಗಮ್ಮ ಹೊರಸಿಳಿದು, ತಣ್ಣನೆಯ ಫರಸಿ ಕಲ್ಲಿನ ನೆಲದ ಮೇಲೆ ಬೋರಲು ಮಲಗಿ, ಬಾಗಿಲ ಕೆಳಗಿನ ಬೆರಳಷ್ಟು ಸಂದಿಗೆ ಕೂಸಿನ ಮೂಗನ್ನು ಹಿಡಿದಳು. ಆಚೆ, ಸುಡುಗಾಡಿನಿಂದ ಬಂದು ಮಿಂದವರ ಒದ್ದೆ ಕಾಲುಗಳು ಒಂದೊಂದಾಗಿ ದಾಟುತ್ತಿದ್ದವು.