ಸೊರಬದ ಮ್ಯಾಟ್ನಿ

ಇಂಟರ್‌ವಲ್‌ನ ಲೈಟು ಹತ್ತಿ, ಜನ ಪಾಪ್‌ಕಾರ್ನ್ ಡಬ್ಬಿಯ ಮುಂದೆ ಮುಗಿಬಿದ್ದು, ಅರ್ಧ ಜನ ತಿಂದೂ ಮುಗಿಸಿದ್ದರು. ಗಂಗಾಶ್ರೀ ಮಾತ್ರ ಥಿಯೇಟರಿನ ಹೊರ ವರಾಂಡದಲ್ಲಿ ಫೋನು ಹಿಡಿದು ನಿಂತೇ ಇದ್ದಳು. ಶಿಕಾರಿಪುರದಲ್ಲಿ ಇಂಟರ್‌ವಲ್ ಆಯಿತೆಂದರೆ ಸೊರಬದಲ್ಲೂ ಆಗಿರಬೇಕು. ಅದೇ ಸಿನಿಮಾ, ಅದೇ ಶನಿವಾರದ ಮ್ಯಾಟ್ನಿ. ಆದರೂ ಚೈತ್ರಶ್ರೀಗೆ ಫೋನು ಮಾಡಲು ಇನ್ನೂ ಪುರುಸೊತ್ತಾಗಿಲ್ಲ.

"ಪಕ್ಕದಾಗೆ ಅವಳು ಕುಂತಿರ್ತಾಳಲ್ಲ, ಅವಳು ಬಿಡಬೇಕಲ್ಲ" ಎಂದು ಗಂಗಾಶ್ರೀ ಬಾಯಿಬಿಟ್ಟೇ ಗೊಣಗಿದಳು. ಅಲ್ಲೇ ನಿಂತು ಮಗುವಿಗೆ ಐಸ್‌ಕ್ರೀಮ್ ತಿನ್ನಿಸುತ್ತಿದ್ದ ಹೆಂಗಸು ತನಗೇ ಹೇಳಿದರೇನೋ ಎಂದು ತಿರುಗಿ ನೋಡಿದಳು.

ಕಡೆಗೂ ಫೋನು ಬಂತು.

"ಎಂತ ಮಾರಾಯ್ತಿ, ಹೆಂಗನ್ನಿಸ್ತು? ಫಸ್ಟ್ ಹಾಫ್ ಭಾರಿ ಎಳೆದಾರೆ ಅಲ್ವಾ?" ಎಂದಳು ಚೈತ್ರಶ್ರೀ.

ಎಂತ ಅಂತೆ, ಮಾರಾಯ್ತಿ ಅಂತೆ. ಮದುವೆಯಾಗಿ ಸೊರಬ ಸೇರುವ ಮುಂಚೆ ಈ ಮಾತುಗಳು ಅವಳ ಬಾಯಲ್ಲಿ ಇರಲಿಲ್ಲ. "ಎಳೆದಿದ್ದು ಹಂಗಿರ್ಲಿ. ತಾಯಿ ಆಸ್ಪತ್ರೆ ಸೀನಿಗೆ ಅತ್ತಿಯೋ ಇಲ್ವೋ, ಅದನ್ನ ಹೇಳು ಮೊದ್ಲು" ಎಂದಳು ಗಂಗಾಶ್ರೀ.

"ಅಳೂ ಅಂಥದ್ದೇನಿತ್ತು ಬಿಡೆ. ಗ್ಲಿಸರಿನ್ ಹಾಕ್ಕಂಡು ಅಳೋದು ಹತ್ರದಿಂದ ತೋರಿಸಿದ್ರೆ ಗೊತ್ತಾಗಿಬಿಡ್ತದಂತೆ. ಮಾಲಾ ಹೇಳಿದ್ಲು."

"ಮಾಲಾ ಹೇಳಿದ್ಲು. ನಿನಗೇನನ್ನಿಸ್ತು?"

"ನನಗೂ... ಹಂಗೇ ಅನ್ನಿಸ್ತು" ಎಂದಳು ಚೈತ್ರಶ್ರೀ. ಗಂಗಾಶ್ರೀ ಸಿಟ್ಟಿನಲ್ಲಿ ಫೋನು ಇಟ್ಟು ಒಳಗೆ ಹೋದಳು. ಉಳಿದರ್ಧ ಸಿನಿಮಾದಲ್ಲಿ ಯಾರು ಸತ್ತರು, ಯಾರು ಬದುಕಿದರು ಎಂದು ಅವಳ ತಲೆಗೆ ಹೋಗಲೇ ಇಲ್ಲ.

ಕಾಲೇಜಿನ ದಿನಗಳಿಂದ ಇಬ್ಬರೂ ಒಟ್ಟಿಗೆ ಸಿನಿಮಾ ನೋಡಿದವರು. ಶನಿವಾರ ಮಧ್ಯಾಹ್ನ ಮ್ಯಾಟ್ನಿ, ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ, ಮಿರ್ಚಿಗಿಂತ ಖಾರವಾದ ಜಗಳ. ಚೈತ್ರಶ್ರೀ ತೆರೆಯ ಮೇಲೆ ಯಾರು ಅತ್ತರೂ ತಾನೂ ಅಳುವವಳು. ನಾಯಿ ಅತ್ತರೂ ಸರಿ. ಗಂಗಾಶ್ರೀ ಅದನ್ನು ಆಡಿಕೊಂಡು ನಗುವವಳು. ಟೈಲರಿಂಗ್ ಕಲಿತು ಅಂಗಡಿ ಇಟ್ಟ ಮೇಲೆ, ಹೀರೋಯಿನ್ನಿನ ಬ್ಲೌಸಿನ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆಯ ಮಾತಾಯಿತು.

ಚೈತ್ರಶ್ರೀಗೆ ಸೊರಬದ ಗುರುಪ್ರಕಾಶನ ಸಂಬಂಧ ಕುದುರಿದಾಗ ಗಂಗಾಶ್ರೀ ಮುಖ ಗಂಟು ಹಾಕಿಕೊಂಡು, "ಮುಗೀತು ಬಿಡು. ಆ ಮನೆಯವರು ನಿನ್ನ ಸಿನಿಮಾಕ್ಕೆ ಕಳಿಸಿದಂಗೇ" ಎಂದಿದ್ದಳು. "ಯಾಕೆ ಕಳ್ಸಲ್ಲ? ವಾರವಾರ ಹೋಗ್ತೀನಿ, ನೋಡ್ತಿರು" ಎಂದು ಚೈತ್ರಶ್ರೀ ಎದೆ ತಟ್ಟಿಕೊಂಡಿದ್ದಳು. ಹಾಗೆ ಶುರುವಾದದ್ದು ಈ ಏರ್ಪಾಡು. ಇಬ್ಬರೂ ಅವರವರ ಊರಿನಲ್ಲಿ ಒಂದೇ ಷೋಗೆ ಹೋಗಬೇಕು. ಇಂಟರ್‌ವಲ್‌ನಲ್ಲಿ ಫೋನು ಮಾಡಿ ಕಿತ್ತಾಡಬೇಕು. ಚೈತ್ರಶ್ರೀಯ ಗಂಡನ ಮೇಲೆ ಗಂಗಾಶ್ರೀಗೆ ಎಂದೂ ಹೊಟ್ಟೆಕಿಚ್ಚಾಗಲಿಲ್ಲ. ಪಾಪ, ಹಾರ್ಡ್‌ವೇರ್ ಅಂಗಡಿಯ ಆ ಮನುಷ್ಯನಿಗೆ ಸಿನಿಮಾದ ಗಂಧಗಾಳಿ ಇರಲಿಲ್ಲ.

ಹೊಟ್ಟೆಕಿಚ್ಚಾದದ್ದು ಮಾಲಾ ಬಂದ ಮೇಲೆ. ಕುಪ್ಪಗಡ್ಡೆ ಕಡೆಯವಳು, ಚೈತ್ರಶ್ರೀಯ ಪಕ್ಕದ ಮನೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು. ಅಲ್ಲಿಯವರೆಗೆ ಗಂಗಾಶ್ರೀಯ ಬ್ಲೌಸಿನ ಮಾತಿಗೆ ಹೂಂಗುಟ್ಟುತ್ತಿದ್ದ ಚೈತ್ರಶ್ರೀಯ ಬಾಯಲ್ಲಿ ಅಲ್ಲಿಂದ ಮುಂದೆ ಬ್ಲೌಸು ಹಿಂದೆ ಸರಿದು ಹುಬ್ಬು, ವಿಗ್ಗು, ಮೇಕಪ್ಪುಗಳ ಮಾತು ಮುಂದೆ ಬಂತು. ಒಮ್ಮೆ ಚೈತ್ರಶ್ರೀ ವಾಟ್ಸಾಪ್ ಸ್ಟೇಟಸ್ಸಿಗೆ ಮಾಲಾಳ ಜೊತೆ ಕೆನ್ನೆಗೆ ಕೆನ್ನೆ ತಾಗಿಸಿದ ಫೋಟೋ ಹಾಕಿದ್ದಳು. ಗಂಗಾಶ್ರೀ ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ಮಾಲಾಳ ಬ್ಲೌಸಿನ ತೋಳು ಸೊಟ್ಟಗಿದೆ ಎಂದು ಕಂಡುಹಿಡಿದು ಸ್ವಲ್ಪ ಸಮಾಧಾನಪಟ್ಟುಕೊಂಡಿದ್ದಳು.

ಮುಂದಿನ ಶನಿವಾರ ಅವಳು ಅಂಗಡಿಗೆ ಬೀಗ ಹಾಕಿ ಶಿರಾಳಕೊಪ್ಪದ ಬಸ್ಸು ಹತ್ತಿದಳು. ಅಲ್ಲಿಂದ ಸೊರಬಕ್ಕೆ ಇನ್ನೊಂದು ಬಸ್ಸು. ಚೈತ್ರಶ್ರೀಗೆ ಸುಳಿವು ಕೊಡಲಿಲ್ಲ. ಇಂಟರ್‌ವಲ್‌ನಲ್ಲಿ ಅವಳು ಫೋನು ಕಿವಿಗಿಟ್ಟುಕೊಂಡಾಗ ಹಿಂದಿನಿಂದ ಹೋಗಿ ಹೆಗಲ ಮೇಲೆ ಕೈ ಹಾಕಬೇಕು. ಅವಳು ಕಿರುಚಿ ತಬ್ಬಿಕೊಳ್ಳಬೇಕು. ಮಾಲಾ ಪಕ್ಕದಲ್ಲಿ ನಿಂತು ಅದನ್ನು ನೋಡಬೇಕು. ಮುಖ್ಯವಾಗಿ ಮಾಲಾ ನೋಡಬೇಕು. ಬಸ್ಸಿನ ದಾರಿಯುದ್ದಕ್ಕೂ ಗಂಗಾಶ್ರೀ ಇದನ್ನೇ ಬೇರೆ ಬೇರೆ ಥರ ಕಲ್ಪಿಸಿಕೊಂಡಳು.

ಸೊರಬದ ಥಿಯೇಟರಿನಲ್ಲಿ ಅವಳು ಹಿಂದಿನ ಸಾಲು ಹಿಡಿದು ಕೂತಳು. ಮುಂದಿನ ಸಾಲೊಂದರಲ್ಲಿ ಫೋಟೋದ ಮಾಲಾ ಕಂಡಳು. ಪಕ್ಕದ ಸೀಟಿನಲ್ಲಿ ಬ್ಯಾಗು ಮಾತ್ರ ಇತ್ತು. ಚೈತ್ರಶ್ರೀಗೆ ತಡವಾಗಿರಬೇಕು, ಟೈಟಲ್ ಮುಗಿಯುವುದರೊಳಗೆ ಬರುತ್ತಾಳೆ ಎಂದುಕೊಂಡಳು. ಟೈಟಲ್ ಮುಗಿಯಿತು. ಕೋಳಿ ಫಾರಂ ನಡೆಸುವ ಅಕ್ಕ ಬಂದಳು, ಆಂಬುಲೆನ್ಸ್ ಓಡಿಸುವ ತಮ್ಮ ಬಂದ, ಹಾಡು ಬಂತು, ಫೈಟು ಬಂತು. ಸೀಟಿನಲ್ಲಿ ಬ್ಯಾಗೇ ಕೂತಿತ್ತು. ಇಂಟರ್‌ವಲ್ ಎಂದು ತೆರೆಯ ಮೇಲೆ ಬೀಳುವ ಮುಂಚೆಯೇ ಮಾಲಾ ಎದ್ದು ಹೊರಗೆ ಓಡಿದಳು. ಗಂಗಾಶ್ರೀಯೂ ಹಿಂದೆಯೇ ಹೋದಳು.

ಮಾಲಾ ಸ್ಕೂಟರುಗಳು ನಿಂತಿದ್ದ ಕಡೆ ಹೋಗಿ ಫೋನು ಮಾಡಿದಳು. ಗಂಗಾಶ್ರೀ ಕಂಬದ ಈಚೆ ನಿಂತಳು.

"ಚೈತ್ರಕ್ಕಾ, ಹಿತ್ಲಿಗೆ ಬಂದ್ರಾ? ನಿಮ್ಮತ್ತೆ ಎಲ್ಲಿದಾರೆ? ಸರಿ, ಬೇಗ ಬೇಗ ಕೇಳ್ಕಳಿ. ಅಕ್ಕ ಕೋಳಿ ಫಾರಂ ಇಟ್ಕಂಡಿರ್ತಾಳೆ, ತಮ್ಮ ಆಂಬುಲೆನ್ಸ್ ಡ್ರೈವರು. ಭಾವಂಗೆ ಜಾಗದ ಮೇಲೆ ಕಣ್ಣು. ಹೀರೋಯಿನ್ನಿಂದು ವಿಗ್ಗು, ಎರಡನೇ ಹಾಡಲ್ಲಿ ಕಿವಿ ಹತ್ರ ಅಂಟು ಕಾಣ್ತದೆ. ಇದನ್ನ ನಾನು ಹೇಳ್ದೆ ಅನ್ಬೇಡಿ ಮತ್ತೆ. ನೀವೇ ನೋಡಿದ್ದು ಅಂತ್ಲೇ ಹೇಳಿ. ಹೋದ್ವಾರ ನನ್ನ ಹೆಸ್ರು ತೆಗೆದಿದ್ದಕ್ಕೆ ಶಿಕಾರಿಪುರದವರಿಗೆ ಸಿಟ್ಟು ಬಂತು ಅಂದ್ರಲ್ಲ." ಮಾಲಾ ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದಳು. "ಅದಕ್ಕೆ ಹೇಳೋದು, ಇವತ್ತಾದ್ರೂ ಹೇಳ್ಬಿಡಿ ಅಕ್ಕಾ. ‘ಮದ್ವೆ ಆದ್ಮೇಲೆ ನಾನು ಥಿಯೇಟ್ರು ಬಾಗ್ಲೇ ನೋಡಿಲ್ಲ, ಮನೇಲಿ ಬಿಡಲ್ಲ’ ಅಂತ ನೀವು ಅಂದ್ರೆ ಅವರೇನು ಬೈತಾರಾ? ಆಯ್ತಾಯ್ತು, ಅಳಬೇಡಿ. ಇಡ್ತೆ. ಅವರು ಕಾಯ್ತಿರ್ತಾರೆ, ಫೋನ್ ಮಾಡಿ."

ಗಂಗಾಶ್ರೀ ಕಂಬಕ್ಕೆ ಕೈ ಕೊಟ್ಟು ನಿಂತಳು. ತಾನು ಇಷ್ಟು ದಿನ ಜಗಳವಾಡಿದ್ದು ಸಿನಿಮಾ ನೋಡದೇ ಇದ್ದವಳ ಜೊತೆ. ಅಯ್ಯೋ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮೊದಲು ಬಂದದ್ದು ಉರಿ. ಕಷ್ಟ ಹೇಳಿಕೊಳ್ಳಲು ಮಾಲಾ ಬೇಕು, ಬಡಾಯಿ ಕೊಚ್ಚಿಕೊಳ್ಳಲು ನಾನು. ನಿನ್ನೆ ಮೊನ್ನೆ ಬಂದವಳ ಹತ್ತಿರ ಅಳುತ್ತಾಳೆ, ನನ್ನ ಹತ್ತಿರ ವಿಗ್ಗಿನ ಮಾತಾಡುತ್ತಾಳೆ.

ಫೋನು ಹೊಡೆದುಕೊಂಡಿತು. ಅವಳು ವರಾಂಡದ ಮೂಲೆಗೆ ಸರಿದು ಎತ್ತಿದಳು.

"ಎಂತ ಮಾರಾಯ್ತಿ, ನೋಡಿದ್ಯಾ? ಹೀರೋಯಿನ್ನಿಂದು ವಿಗ್ಗು ಕಣೆ. ಎರಡನೇ ಹಾಡಲ್ಲಿ ಕಿವಿ ಹತ್ರ ಅಂಟು ಕಾಣ್ತದೆ. ನಾನೇ ಕಂಡುಹಿಡಿದೆ!" ಅಳು ಒರೆಸಿಕೊಂಡ ದನಿ. ಗೊತ್ತಿಲ್ಲದವರಿಗೆ ನೆಗಡಿ ಅನ್ನಿಸಬೇಕು.

"ವಿಗ್ಗು ಬಿಡು. ಅಕ್ಕ ಬಾವಿಕಟ್ಟೆ ಮ್ಯಾಲೆ ಕುಂತ್ಕಂಡು ತಮ್ಮನ ಅಂಗಿಗೆ ಗುಂಡಿ ಹಾಕ್ತಾಳಲ್ಲ, ಆ ಸೀನು ಹೆಂಗಿತ್ತು?" ಎಂದಳು ಗಂಗಾಶ್ರೀ.

ಸಿನಿಮಾದಲ್ಲಿ ಬಾವಿಯೂ ಇರಲಿಲ್ಲ, ಗುಂಡಿಯೂ ಇರಲಿಲ್ಲ.

"ಅಯ್ಯೋ, ಅದಾ! ಅದಕ್ಕೆ ಅತ್ತೇಬಿಟ್ಟೆ ಕಣೆ" ಎಂದಳು ಚೈತ್ರಶ್ರೀ.

ಸಿಕ್ಕಿಬಿದ್ದಳು. ಸುಳ್ಳಿ, ಎಲ್ಲಿದೀಯ ಹೇಳು ಎಂಬ ಮಾತು ಗಂಗಾಶ್ರೀಯ ನಾಲಿಗೆಯ ತುದಿಯಲ್ಲಿತ್ತು. ಇನ್ನೊಂದಿಷ್ಟು ಒದ್ದಾಡಲಿ ಎಂದು, "ಗುಂಡಿ ಹಾಕ್ತಾ ಅಕ್ಕ ಏನಂತಾಳೆ ಅವನಿಗೆ? ಹೇಳು ನೋಡಾಣ" ಎಂದಳು.

ಫೋನಿನಲ್ಲಿ ಕುಕ್ಕರು ಕೂಗಿತು. ಒಳಗಿನಿಂದ ಯಾರೋ ವಯಸ್ಸಾದ ಹೆಂಗಸು ಚೈತ್ರಶ್ರೀಯ ಹೆಸರು ಹಿಡಿದು ಕರೆದದ್ದೂ ಕೇಳಿಸಿತು. ಚೈತ್ರಶ್ರೀ ದನಿ ತಗ್ಗಿಸಿ, "ಇಲ್ಲಿ ಭಾರಿ ಗಲಾಟೆ ಕಣೆ, ಕ್ಯಾಂಟೀನಿಂದು" ಎಂದಳು. ಆಮೇಲೆ ಅವಳೇ ಮಾತು ಮುಂದುವರಿಸಿದಳು. ಈಗ ಆ ದನಿಯಲ್ಲಿ ಸೊರಬ ಇರಲಿಲ್ಲ.

"ನೀನೇ ಹೇಳೆ ಗಂಗಾ. ನಾನು ನೋಡೀನಿ, ಆದ್ರೂ ನಿನ್ನ ಬಾಯಾಗೆ ಕೇಳ್ಬೇಕು ಅನ್ನಿಸೈತೆ. ಭಾಳ ದಿನ ಆತು."

ಥಿಯೇಟರಿನ ಬೆಲ್ಲು ಹೊಡೆಯಿತು. ಜನ ಒಳಗೆ ನುಗ್ಗತೊಡಗಿದರು.

"ಅಲ್ಲಿ ಬೆಲ್ ಆತಾ?" ಎಂದು ಕೇಳಿದಳು ಚೈತ್ರಶ್ರೀ.

"ಹ್ಞೂ. ಅಲ್ಲಿ?"

"ಇಲ್ಲೂ... ಆತು."

"ಮತ್ತೆ ಒಳಗೆ ಹೋಗಲ್ವಾ?"

"ಇಲ್ಲ. ನೀ ಹೇಳು."

ಆ ಸುಳ್ಳನ್ನು ಎತ್ತಿ ತೋರಿಸಿದರೆ ನಾಳೆಯಿಂದ ಅವಳು ಫೋನೇ ಮಾಡುವುದಿಲ್ಲ. ಮಾಲಾಳ ಹತ್ತಿರ ಮಾತ್ರ ಅಳುತ್ತಾಳೆ. "ಚೈತ್ರಾ, ಕೇಳು ಹಂಗಾದ್ರೆ" ಎಂದು ಗಂಗಾಶ್ರೀ ಶುರು ಮಾಡಿದಳು. "ಹೊತ್ತು ಮುಳುಗ್ತಿರ್ತತೆ. ತಮ್ಮ ಡ್ಯೂಟಿಗೆ ಹೊಂಟಿರ್ತಾನೆ. ಅಂಗೀದು ಎದೆ ಹತ್ರದ ಗುಂಡಿ ಇರಲ್ಲ."

ವರಾಂಡ ಖಾಲಿಯಾಯಿತು. ಒಳಗೆ ಹೋಗುತ್ತಿದ್ದ ಮಾಲಾ, ಚೈತ್ರಾ ಎಂಬ ಹೆಸರು ಕಿವಿಗೆ ಬಿದ್ದು ಬಾಗಿಲಲ್ಲೇ ನಿಂತಳು. ಗಂಗಾಶ್ರೀಯನ್ನು ಮೇಲಿನಿಂದ ಕೆಳಗೆ ನೋಡಿದಳು. ಇವಳೇ ಶಿಕಾರಿಪುರದವಳು ಎಂದು ಗೊತ್ತಾಗಿಹೋಯಿತು. ಮಾಲಾ ಮುಖ ಅರಳಿಸಿಕೊಂಡು, ತಾನೂ ಕೇಳುವವಳಂತೆ ನಾಲ್ಕು ಹೆಜ್ಜೆ ಹತ್ತಿರ ಬಂದಳು.

ಗಂಗಾಶ್ರೀ ಅವಳಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿದಳು. ಫೋನಿಗೆ ಅಂಗೈ ಮರೆ ಮಾಡಿಕೊಂಡು, "ಸೂಜಿಗೆ ದಾರ ಪೋಣ್ಸಕೆ ಅಕ್ಕಂಗೆ ಕಣ್ಣು ಕಾಣ್ಸಲ್ಲ ಕಣೆ" ಎಂದಳು, ಮಾಲಾಳಿಗೆ ಒಂದಕ್ಷರವೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.